ನೂರ ಎಂಬತ್ತಾರು ಗಂಟೆ

ಬರ್ ದುಬೈ
ಶನಿವಾರ, 7 ಫೆಬ್ರವರಿ 2026

ಪ್ರಿಯ ಅಮಿತಾ,

ಈ ಲಕೋಟೆಯನ್ನು ಮೆಣಸಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ಬಸ್ಸಿನಿಂದ ಇಳಿದು ಬಂದವಳು ಮೊದಲು ಚಹಾಕ್ಕೆ ನೀರಿಡುತ್ತೀಯ, ಆಗ ಕಣ್ಣಿಗೆ ಬೀಳುತ್ತದೆ. ದಯವಿಟ್ಟು ಒಲೆ ಆರಿಸಿ, ಕುಳಿತು ಓದು. ಉದ್ದವಿದೆ.

ನಾನು ನಿನಗೆ ಕೊನೆಯ ಸಲ ಕಾಗದ ಬರೆದದ್ದು 2007ರ ಮಾರ್ಚಿನಲ್ಲಿ, ನಿನ್ನ ವೀಸಾ ಬಂದ ವಾರ. ಆಮೇಲೆ ಒಂದೇ ಮನೆಯಲ್ಲಿದ್ದೇವಲ್ಲ, ಬರೆಯುವುದೇನು ಎಂದುಕೊಂಡೆ. ಮಾತಾಡುವುದೇನು ಎಂದೂ ಯಾವಾಗಲೋ ಅಂದುಕೊಂಡಿರಬೇಕು. ನಮ್ಮದು ತುಳು ಮಾತು, ಬರೆಯಲು ಕುಳಿತರೆ ನನಗೆ ಕನ್ನಡವೇ ಬರುತ್ತದೆ. ಈ ಸಲ ಅದರಿಂದ ಅನುಕೂಲವಾಯಿತು. ಇಲ್ಲಿ ಬರೆಯುವುದನ್ನು ತುಳುವಿನಲ್ಲಿ, ನಿನ್ನ ಮುಖ ನೋಡಿ ಹೇಳಲು ಹದಿನೆಂಟು ದಿನ ಪ್ರಯತ್ನಿಸಿದ್ದೇನೆ.

ಕಂಪನಿ ಪತ್ರಗಳಲ್ಲಿ ವಿಷಯವನ್ನು ಮೊದಲ ಸಾಲಿನಲ್ಲೇ ಹಾಕಬೇಕು. ಹಾಕುತ್ತೇನೆ. ಲೈಸೆನ್ಸ್ ಮಂಡಳಿಯವರು ನಿನ್ನ ನೂರ ಎಂಬತ್ತಾರು ಗಂಟೆಗಳನ್ನು ತಿರಸ್ಕರಿಸಿದ್ದು ನಿನ್ನ ತಪ್ಪಿನಿಂದಲ್ಲ. ನಿನ್ನ ಮೇಲ್ವಿಚಾರಕಿ ಡಾಕ್ಟರ್ ಕಾರ್ಮಿನ್ ಪಾಯ್ಸ್ ಅವರ ತಪ್ಪಿನಿಂದಲೂ ಅಲ್ಲ. ಅದು ನಾನು ಮಾಡಿದ್ದು. ಮರೆತು ಮಾಡಿದ್ದಲ್ಲ.

ಇವತ್ತು ಬೆಳಿಗ್ಗೆ ನೀನು ಅವರ ಬಳಿ, ಇನ್ನು ಇದನ್ನೆಲ್ಲ ಬಿಟ್ಟುಬಿಡುತ್ತೇನೆ ಎಂದು ಹೇಳಲು ಅಬುಧಾಬಿಗೆ ಹೊರಟೆ. ನಾನು ಕಾರಿನ ಕೀಲಿ ಹಿಡಿದು ನಿಂತಿದ್ದೆ. "ನೀವು ಬರುದು ಬೇಡ, ನಾನು ಘುಬೈಬದಿಂದ ಬಸ್ಸಿಗೆ ಹೋಗ್ತೇನೆ. ಲೆಕ್ಕಕ್ಕೇ ಇಲ್ಲದ ಗಂಟೆಗೆ ನಿಮ್ಮ ಶನಿವಾರ ಯಾಕೆ ಹಾಳು?" ಎಂದೆ ನೀನು. ಅದನ್ನು ನೀನು ನನ್ನ ಮೇಲಿನ ಕಾಳಜಿಯಿಂದ ಹೇಳಿದ್ದು. ನೀನು ಲಿಫ್ಟಿನಲ್ಲಿ ಇಳಿದ ಮೇಲೂ ನನಗೆ ಬಾಗಿಲಿನಿಂದ ಕದಲಲು ಆಗಲಿಲ್ಲ.

ಮೊದಲಿನಿಂದ ಬರೆಯುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಮುಂದೊಂದು ದಿನ ಅಕ್ಕು ಕೇಳಬಹುದು. ಹದಿನಾರು ವರ್ಷವಾದರೂ ನಮ್ಮ ಮಗಳಿಗೆ ಕನ್ನಡ ಓದಲು ಬಾರದು, ನೀನೇ ಓದಿ ಹೇಳಬೇಕಾದೀತು.

ಊದ್ ಮೇಥಾದ ಶಾಲೆಯ ಆಫೀಸಿನಲ್ಲಿ ಹನ್ನೊಂದು ವರ್ಷ ಹಾಜರಿ, ಟಿಸಿ, ಬಸ್ ಪಾಸು ನೋಡಿಕೊಂಡವಳು ನೀನು. ನಲವತ್ತು ದಾಟಿದ ಮೇಲೆ ಕೌನ್ಸೆಲಿಂಗಿನಲ್ಲಿ ಎಂ.ಎ. ಮಾಡಿದೆ. ಪದವಿ ಸಿಕ್ಕಿದರೆ ಸಾಲದು, ಲೈಸೆನ್ಸ್ ಬೇಕು. ಲೈಸೆನ್ಸಿಗೆ ಸಾವಿರ ಗಂಟೆ ಜನರ ಎದುರು ಕುಳಿತು ಅವರ ಕಷ್ಟ ಕೇಳಿರಬೇಕು. ಪ್ರತಿ ಹದಿನೈದು ಗಂಟೆಗೊಮ್ಮೆ ಒಬ್ಬ ಅನುಭವಿ ಮೇಲ್ವಿಚಾರಕರ ಎದುರು ಒಂದು ಗಂಟೆ ಕುಳಿತು, ಕೇಳಿದ್ದರಲ್ಲಿ ಎಲ್ಲಿ ಸರಿ, ಎಲ್ಲಿ ತಪ್ಪಿದೆ ಎಂದು ಮಾತಾಡಿರಬೇಕು. ಆ ಒಂದು ಗಂಟೆ ಇಲ್ಲದಿದ್ದರೆ ಹಿಂದಿನ ಹದಿನೈದೂ ಇಲ್ಲ. ಮೇಲ್ವಿಚಾರಕರ ಜೊತೆಗಿನ ಒಪ್ಪಂದ ಒಂದು ವರ್ಷದ್ದು, ಮುಗಿಯುವ ಮೊದಲು ನವೀಕರಿಸಬೇಕು. ಒಪ್ಪಂದ ಇಲ್ಲದ ದಿನಗಳಲ್ಲಿ ಎಷ್ಟು ಒಳ್ಳೆಯ ಕೆಲಸ ಮಾಡಿದ್ದರೂ ಅದು ಲೆಕ್ಕಕ್ಕಿಲ್ಲ.

ಇಷ್ಟನ್ನೂ ಕೈಪಿಡಿಯಿಂದ ಓದಿ ನಿನಗೆ ತಿಳಿಸಿದವನು ನಾನೇ. ಅರವತ್ತೆರಡು ಪುಟ. ನೀನು ಫಾರ್ಮು ಕಂಡರೆ ಮುಖ ತಿರುಗಿಸುವವಳು, ಕಂಪನಿಯಲ್ಲಿ ನನ್ನ ಕೆಲಸವೇ ಕಾಗದಪತ್ರ ಕಾಯುವುದು. "ನಿಮ್ಮ ಡಾಕ್ಯುಮೆಂಟ್ ಕಂಟ್ರೋಲರ್ ಬುದ್ಧಿ ಒಮ್ಮೆ ಮನೆಗೂ ಉಪಕಾರ ಆಗ್ಲಿ ಮಾರಾಯ್ರೆ" ಎಂದು ಮಂಡಳಿಯ ಮೇಲ್‌ಗಳು ಬರುವ ಐಡಿಯನ್ನೂ ಅದರ ಪಾಸ್‌ವರ್ಡನ್ನೂ ನನಗೇ ಬಿಟ್ಟುಕೊಟ್ಟೆ. ನಿನ್ನ ಗಂಟೆಗಳ ಪಟ್ಟಿಯನ್ನು ನಾನು ಬರೆದಿಟ್ಟೆ: ದಿನಾಂಕ, ಸ್ಥಳ, ಆರಂಭ, ಮುಕ್ತಾಯ. ಕಲಂ 4.3 ಓದುವಾಗ ನಾವಿಬ್ಬರೂ ನಕ್ಕದ್ದು ನಿನಗೆ ನೆನಪಿರಬಹುದು. ಸಂಬಂಧಿಕರು ಮೇಲ್ವಿಚಾರಕರಾಗುವಂತಿಲ್ಲ ಎಂದು ಅದರಲ್ಲಿತ್ತು. "ನಿಮ್ಮ ಹೆಸರಿಗೆ ಮೊದಲೇ ಕಾಟು ಹೊಡೆದಿದ್ದಾರೆ ನೋಡಿ" ಎಂದೆ ನೀನು. ಆಗ ಅದು ನನಗೂ ತಮಾಷೆಯಾಗಿಯೇ ಕಂಡಿತ್ತು.

ದುಬೈಯಲ್ಲಿ ಆರು ಮಂದಿಗೆ ಬರೆದೆವು. ನಾಲ್ವರು ಉತ್ತರಿಸಲಿಲ್ಲ, ಇಬ್ಬರು ಪುರುಸೊತ್ತಿಲ್ಲ ಎಂದರು. ಒಪ್ಪಿದವರು ಅಬುಧಾಬಿಯ ಕಾರ್ಮಿನ್ ಡಾಕ್ಟರ್ ಒಬ್ಬರೇ. ಮಂಗಳೂರು ಬೆಂದೂರಿನವರು, ಅರವತ್ತಮೂರು ವರ್ಷ, ಬಿಳಿ ಕೂದಲನ್ನು ಹುಡುಗಿಯರ ಹಾಗೆ ಕಿವಿಯ ಹಿಂದೆ ಸಿಕ್ಕಿಸುವವರು. ವಿಡಿಯೋದಲ್ಲಿ ಮಾಡಬಹುದೇ ಎಂದು ನಾನು ಫೋನು ಮಾಡಿ ಕೇಳಿದ್ದೆ. "ವಿಡಿಯೋದಲ್ಲಿ ಮುಖ ಕಾಣ್ತದೆ ಮೋಹನದಾಸ್‌ರೇ, ಕೈ ಕಾಣುದಿಲ್ಲ. ನಂಗೆ ಕೈ ನೋಡ್ಬೇಕು" ಎಂದರು.

ಹಾಗೆ 2024ರ ನವೆಂಬರ್ 2ರಿಂದ ಈ ಜನವರಿ 17ರವರೆಗೆ ಅರವತ್ತೊಂದು ಶನಿವಾರ ಹೋದೆವು. ಹೋಗಲು ನೂರ ನಲವತ್ತು ಕಿಲೋಮೀಟರ್, ಬರಲು ಅಷ್ಟೇ. ನೀನು ಒಂಬತ್ತನೇ ಮಹಡಿಗೆ ಹೋಗುತ್ತಿದ್ದೆ. ನಾನು ಕೆಳಗೆ ಬಾವ ಎಂಬವನ ಕೆಫೆಟೇರಿಯಾದಲ್ಲಿ ಒಂದು ಕರಕ್ ಚಹಾ, ಒಂದು ಕಾದಂಬರಿ ಇಟ್ಟುಕೊಂಡು ಕೂರುತ್ತಿದ್ದೆ. ಅರವತ್ತೊಂದು ಗಂಟೆಗಳಲ್ಲಿ ಹನ್ನೊಂದು ಅನುವಾದಗಳನ್ನು ಮುಗಿಸಿದೆ: ರಷ್ಯಾ, ತುರ್ಕಿ, ಜಪಾನ್, ಹಂಗೇರಿ. ಅನುವಾದಗಳನ್ನೇ ಯಾಕೆ ಓದುತ್ತೀರಿ ಎಂದು ನೀನು ಒಮ್ಮೆ ಕೇಳಿದಾಗ ನಾನು ಏನೋ ಹೇಳಿ ಹಾರಿಸಿದ್ದೆ. ನಿಜವಾದ ಕಾರಣ ಇದು: ದೂರದವರ ಮನೆಯೊಳಗೆ ಎಷ್ಟು ಹೊತ್ತು ಇಣುಕಿದರೂ ಅವರು ತಿರುಗಿ ನಮ್ಮನ್ನು ನೋಡುವುದಿಲ್ಲ.

ಬಾವ ಉಪ್ಪಳದವ, ಬಾಯಿ ಸುಮ್ಮನಿರುವುದಿಲ್ಲ. ನಾಲ್ಕನೆಯ ವಾರವೋ ಐದನೆಯದೋ ಕೇಳಿದ:

"ಸಾರ್, ಮೇಲೆ ಹೋಗುದು ನಿಮ್ಮ ಮೇಡಂ ಅಲ್ವಾ? ಅವ್ರು ಡಾಕ್ಟ್ರಾ, ಪೇಶಂಟಾ?"

"ಎರಡೂ ಅಲ್ಲ. ಟ್ರೈನಿಂಗು."

"ಹಾಗಾದ್ರೆ ಪೇಶಂಟ್ ನೀವು. ವಾರ ವಾರ ಬಂದು ಕೂತ್ಕೊಳ್ಳುದು ನೀವೇ ಅಲ್ವಾ!"

ಪಕ್ಕದ ಮೇಜಿನ ಟ್ಯಾಕ್ಸಿ ಚಾಲಕರೂ ನಕ್ಕರು. ನಾನು ಪುಟ ತಿರುಗಿಸಿದೆ. ಆ ಪುಟವನ್ನು ಇನ್ನೂ ಓದಿರಲಿಲ್ಲ.

ಹೊಟ್ಟೆಕಿಚ್ಚು ಎಂಬ ಪದ ಬರೆಯಲು ಇಷ್ಟು ದೂರ ಬರಬೇಕಾಯಿತು. ನನ್ನ ವಯಸ್ಸಿನ ಗಂಡಸಿಗೆ ಹೊಟ್ಟೆಕಿಚ್ಚು ಬಂದರೆ ಅದಕ್ಕೆ ಇನ್ನೊಬ್ಬ ಗಂಡಸಾದರೂ ಇರಬೇಕು. ನನಗೆ ಬಂದದ್ದು ಮೊಣಕಾಲು ನೋವಿನ ಒಬ್ಬ ಹಿರಿಯ ಹೆಂಗಸಿನ ಮೇಲೆ. ಅಕ್ಕುವಿಗೆ ನಮಗಿಂತ ಮೊದಲೇ ತಿಳಿದಿತ್ತು. ಒಂದು ಊಟದ ಹೊತ್ತಿನಲ್ಲಿ ನೀನು "ಡಾಕ್ಟರ್ ಹೇಳ್ತಾರೆ" ಎಂದು ಮೂರನೇ ಸಲ ಶುರುಮಾಡಿದಾಗ ನಾನು ತಟ್ಟೆ ಎತ್ತಿಕೊಂಡು ಎದ್ದೆ. ಅಡುಗೆಮನೆಗೆ ಬಂದ ಅಕ್ಕು, "ಪಪ್ಪಾ, ಆರ್ ಯು ಜೆಲಸ್ ಆಫ್ ಆನ್ ಆಂಟಿ?" ಎಂದು ಪಿಸುಗುಟ್ಟಿದಳು. ಪರೀಕ್ಷೆಗೆ ಓದಿಕೋ ಎಂದು ಗದರಿಸಿದೆ. "ದಟ್ಸ್ ಎ ಯೆಸ್" ಎಂದು ಹೋದಳು.

ಶುರುವಾದದ್ದು ಯಾವಾಗ ಎಂದು ಹೇಳಬಲ್ಲೆ. ಮೊದಲೆಲ್ಲ ಸಂಜೆ ನೀನು ಶಾಲೆಯ ಕಥೆ ಹೇಳುತ್ತಿದ್ದೆ. ಯಾವ ತಾಯಿ ಟಿಸಿಗೆ ಜಗಳಾಡಿದಳು, ಹಫ್ಸ ಮೇಡಂ ಯಾರ ಮೇಲೆ ರೇಗಿದರು, ಯಾವ ಮಗು ಬಸ್ಸಿನಲ್ಲಿ ನಿದ್ದೆಹೋಗಿ ಡಿಪೋ ತಲುಪಿತು. ನಾನು ಪುಸ್ತಕದ ಹಿಂದಿನಿಂದ ಹೂಂ ಅನ್ನುತ್ತಿದ್ದೆ. "ಬುಧವಾರ ಅಲ್ಲ, ಅದು ಮಂಗಳವಾರ" ಎಂದು ತಿದ್ದುತ್ತಿದ್ದೆ. ಸಮಾಲೋಚನೆ ಶುರುವಾದ ಮೇಲೆ ನೀನು ಮಧ್ಯಾಹ್ನಗಳನ್ನು ಊದ್ ಮೇಥಾದ ಕೇಂದ್ರದಲ್ಲಿ, ಶುಕ್ರವಾರಗಳನ್ನು ಮುಹೈಸ್ನಾದ ಕಾರ್ಮಿಕರಿಗಾಗಿ ತೆರೆದ ಕೋಣೆಯಲ್ಲಿ ಕಳೆಯತೊಡಗಿದೆ. ಒಂದು ಶುಕ್ರವಾರ ಕೋಣೆಯಿಂದ ಬಂದವಳ ಮುಖ ಹೊಳೆಯುತ್ತಿತ್ತು. ಏನು ವಿಶೇಷ ಎಂದು ಕೇಳಿದೆ, ಅಪರೂಪಕ್ಕೆ ನಾನಾಗಿಯೇ. "ಅದು ಹೇಳುವ ಹಾಗಿಲ್ಲ" ಎಂದೆ ನೀನು. ನಿಯಮ ನನಗೂ ಗೊತ್ತು, ನಾನೇ ಓದಿ ತಿಳಿಸಿದ್ದು. ಆದರೆ ಆ ಹೇಳುವ ಹಾಗಿಲ್ಲದ್ದು ಮರುದಿನ ಒಂಬತ್ತನೇ ಮಹಡಿಯಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಪೂರ್ತಿಯಾಗಿ ಹೇಳಲ್ಪಡುತ್ತದೆ ಎಂಬುದೂ ಗೊತ್ತಿತ್ತು. ನೀನು ಹೇಳುತ್ತಿದ್ದ ವರ್ಷಗಳಲ್ಲಿ ನಾನು ಎಷ್ಟು ಕೇಳಿಸಿಕೊಂಡೆನೋ ಗೊತ್ತಿಲ್ಲ, ನೀನು ನಿಲ್ಲಿಸಿದ ಮೇಲೆ ಪ್ರತಿಯೊಂದೂ ಬೇಕೆನಿಸಿತು.

ಸಣ್ಣ ಸಣ್ಣವು ಬಹಳ ಇವೆ. ನೀನು ಕರಾಮಾದಲ್ಲಿ ಕೆಸುವಿನ ಎಲೆ ಹುಡುಕಿ ಅವರಿಗಾಗಿ ಪತ್ರೊಡೆ ಮಾಡಿದೆ. ಮನೆಯಲ್ಲಿ ಅದನ್ನು ಮಾಡದೆ ಮೂರು ವರ್ಷವಾಗಿತ್ತು. ನಮಗೂ ಎತ್ತಿಟ್ಟಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ನಮಗೆ ಉಳಿದದ್ದು ಅಂಚಿನ ತುಂಡುಗಳು. ಹೋಗುವ ದಾರಿಯಲ್ಲಿ ನೀನು ಕನ್ನಡಿ ಇಳಿಸಿ ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಬರುವ ದಾರಿಯಲ್ಲಿ ಕಿಟಕಿ ಕಡೆ ತಿರುಗಿ, ಅರ್ಧದಾರಿಯ ಘಂತೂತ್ ದಾಟುವವರೆಗೆ ಮಾತಾಡುತ್ತಿರಲಿಲ್ಲ. ಎಲ್ಲ ಖಾಲಿಯಾದ ಮೇಲೆ ಉಳಿದ ಮೌನ ನನಗೆ.

ಆಮೇಲೆ ಕಳೆದ ಸೆಪ್ಟೆಂಬರ್ 13. ಅವತ್ತು ನೀನು ಇಪ್ಪತ್ತು ನಿಮಿಷ ತಡವಾಗಿ ಇಳಿದು ಬಂದೆ. ಮುಖ ತೊಳೆದಿದ್ದೆ, ಕಿವಿಯ ಬಳಿ ಕೂದಲು ಒದ್ದೆಯಾಗಿತ್ತು. ಏನಾಯಿತು ಎಂದು ನಾನು ಕೇಳಿದೆ. "ಏನಿಲ್ಲ. ಇವತ್ತಿನ ಗಂಟೆ ಒಳ್ಳೆದಿತ್ತು" ಎಂದು ಸೀಟು ಬೆಲ್ಟ್ ಹಾಕಿಕೊಂಡೆ. ಅಮಿತಾ, ನಿನ್ನ ಅಪ್ಪ ತೀರಿಕೊಂಡ ದಿನ ನೀನು ನನ್ನೆದುರು ಅಳಲಿಲ್ಲ. ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ನಾನು ಹೊರಗೆ ನಿಂತು ನೀರಿನ ಸದ್ದು ಕೇಳಿದೆ, ಬಾಗಿಲು ತಟ್ಟಲಿಲ್ಲ. ಅವರ ಮುಂದೆ ಅಳಲು ನಿನಗೆ ನಲ್ಲಿಯ ಸದ್ದು ಬೇಕಾಗಲಿಲ್ಲ.

ಅವರ ಬಳಿ ನೀನು ನನ್ನ ಬಗ್ಗೆಯೇ ಹೇಳಿ ಅತ್ತದ್ದು ಎಂದು ನನಗೆ ಖಾತ್ರಿಯಾಯಿತು. ಹೇಗೆ ಖಾತ್ರಿಯಾಯಿತು ಎಂದು ಕೇಳಬೇಡ, ಗಂಡನಿಗೆ ತಿಳಿಯುತ್ತದೆ ಅಷ್ಟೆ. ಕ್ಲೈಂಟುಗಳ ಬಗ್ಗೆ ಬರೆದಿಡುವ ನಿನ್ನ ನೀಲಿ ಪುಸ್ತಕವನ್ನು ನಾನು ಮುಟ್ಟಿದವನಲ್ಲ.

ಅಕ್ಟೋಬರ್ 1ರಂದು ಮಂಡಳಿಯ ಮೇಲ್ ಬಂತು: ಒಪ್ಪಂದ 31ಕ್ಕೆ ಮುಗಿಯುತ್ತದೆ, ಇಬ್ಬರ ಸಹಿ ಹಾಕಿ ಕಳುಹಿಸಿ. 15ಕ್ಕೆ ಎರಡನೆಯದು. 28ಕ್ಕೆ ಮೂರನೆಯದು, ಕೆಂಪು ಅಕ್ಷರದಲ್ಲಿ. ಹತ್ತು ನಿಮಿಷದ ಕೆಲಸ. ಮೂರನ್ನೂ ಓದಿ, ನಿನ್ನ ಕಣ್ಣಿಗೆ ಬೀಳದ ಹಾಗೆ ಬೇರೆ ಫೋಲ್ಡರಿಗೆ ಹಾಕಿದೆ. ಅಕ್ಟೋಬರ್ 31 ಶುಕ್ರವಾರ. ಆಫೀಸಿನಲ್ಲಿ ಅವತ್ತು ಹದಿನಾಲ್ಕು ಮಂದಿಯ ವೀಸಾ ಅವಧಿ ನೋಡಿ ನವೀಕರಣಕ್ಕೆ ಕಳುಹಿಸಿದೆ. ತೌಫೀಕ್ ಸಾಹೇಬರು ನನ್ನ ಬೆನ್ನು ತಟ್ಟಿ, ಹತ್ತೊಂಬತ್ತು ವರ್ಷಗಳಲ್ಲಿ ನಿನ್ನ ಕೈಯಿಂದ ಒಂದು ತಾರೀಕೂ ತಪ್ಪಿಲ್ಲ ಎಂದರು. ನಾನು ಥ್ಯಾಂಕ್ಸ್ ಹೇಳಿ ಕಂಪ್ಯೂಟರ್ ಮುಚ್ಚಿದೆ.

ನನ್ನ ಎಣಿಕೆ ಏನಿತ್ತೆಂದರೆ, ಒಂದೆರಡು ವಾರದಲ್ಲಿ ಮಂಡಳಿಯವರೇ ಒಪ್ಪಂದ ಮುಗಿಯಿತು ಎಂದು ನಿನಗೆ ತಿಳಿಸುತ್ತಾರೆ. ಸ್ವಲ್ಪ ಗಲಾಟೆಯಾಗುತ್ತದೆ. ದುಬೈಯಲ್ಲೇ ಇನ್ನೊಬ್ಬರನ್ನು ಹುಡುಕುತ್ತೇವೆ, ನಿನ್ನ ಕೈ ನೋಡಬೇಕೆನ್ನದವರನ್ನು. ಶನಿವಾರಗಳು ನನಗೆ ವಾಪಸು ಸಿಗುತ್ತವೆ. ಆದರೆ ಮಂಡಳಿಯವರು ಕಡತ ತೆರೆದು ನೋಡಿದ್ದೇ ಜನವರಿಯಲ್ಲಿ. ಅಲ್ಲಿಯವರೆಗೆ ಹನ್ನೆರಡು ವಾರ ನೀನು ಕೆಲಸ ಮಾಡುತ್ತಲೇ ಇದ್ದೆ. ಪ್ರತಿ ವಾರ ನಿನ್ನ ಗಂಟೆಗಳನ್ನು ಪಟ್ಟಿಗೆ ಏರಿಸುವಾಗ ಅವು ಸತ್ತ ಗಂಟೆಗಳೆಂದು ಈ ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಡಬಹುದಿತ್ತು. ಮೊದಲ ವಾರ ಬಿಟ್ಟಿದ್ದರೆ ಹದಿನೈದು ಗಂಟೆಯ ತಪ್ಪು. ಎರಡನೆಯ ವಾರಕ್ಕೆ ಮೂವತ್ತಾಯಿತು. ತಪ್ಪು ದೊಡ್ಡದಾದಷ್ಟೂ ಹೇಳುವುದು ಕಷ್ಟವಾಯಿತು. ಹೇಳದಷ್ಟೂ ಅದು ದೊಡ್ಡದಾಯಿತು.

ಡಿಸೆಂಬರಿನಲ್ಲಿ ಕಾರ್ಮಿನ್ ಡಾಕ್ಟರ್ ಕ್ರಿಸ್ಮಸ್ಸಿನ ತಿಂಡಿ ಕುಸ್ವಾರಿನ ಡಬ್ಬಿ ಕೊಡಲು ಸ್ವತಃ ಕೆಳಗೆ ಇಳಿದು ಬಂದಿದ್ದರು, ನೀನು ಔಷಧದ ಅಂಗಡಿಗೆ ಹೋಗಿದ್ದಾಗ. ಬಾವನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಎದುರು ಕುಳಿತರು. "ಇಷ್ಟು ವಾರ ಗಾಡಿ ಓಡಿಸಿಕೊಂಡು ಬರ್ತೀರಿ. ನಿಮ್ಮ ಬಗ್ಗೆ ಅಮಿತಾ ಒಂದು ಮಾತು ಹೇಳುದಿಲ್ಲ ಮಾರಾಯ್ರೆ. ಹೇಗಿದ್ದೀರಿ ನೀವು?" ಎಂದರು. ಚೆನ್ನಾಗಿದ್ದೇನೆ ಎಂದೆ. ಅವರು ನನ್ನ ಕೈ ನೋಡಿದರು. ನಾನು ಕೈಗಳನ್ನು ಮೇಜಿನ ಕೆಳಗೆ ಇಳಿಸಿದೆ. ಅವರ ಮಾತನ್ನು ನಾನು ನಂಬಲಿಲ್ಲ. ವೃತ್ತಿಯವರು ಹಾಗೆಯೇ ಹೇಳಬೇಕಲ್ಲ ಎಂದುಕೊಂಡೆ. ಮನೆಯಲ್ಲಿ ಕುಸ್ವಾರ್ ತೀರಾ ಸಿಹಿ ಎಂದು ತಟ್ಟೆ ದೂರ ಸರಿಸಿದವನೂ ನಾನೇ, ಮರುದಿನ ನೀವಿಬ್ಬರೂ ಇಲ್ಲದಾಗ ಅದರಲ್ಲಿದ್ದ ನೆವ್ರಿಗಳನ್ನೆಲ್ಲ ತಿಂದು ಮುಗಿಸಿದವನೂ ನಾನೇ. ಅಕ್ಕುವಿನ ಮೇಲೆ ಅನುಮಾನ ಪಟ್ಟಿದ್ದೆಯಲ್ಲ, ಅವಳಲ್ಲ.

ಜನವರಿ 20ರಂದು ತಿರಸ್ಕಾರದ ಮೇಲ್ ಅನ್ನು ನೀನೇ ನಿನ್ನ ಶಾಲೆಯ ಐಡಿಯಲ್ಲಿ ನೋಡಿದೆ. ಅದೊಂದನ್ನು ಅವರು ಎರಡೂ ಕಡೆ ಕಳುಹಿಸಿದ್ದರು. ನವೀಕರಣಕ್ಕೆ ಮೊದಲೇ ಮೇಲ್ ಬಂದಿತ್ತಾ ಎಂದು ನೀನು ಕೇಳಿದೆ. ಸ್ಪ್ಯಾಮಿಗೆ ಹೋಗಿರಬೇಕು ಎಂದೆ. "ಇರ್ಲಿ ಬಿಡಿ. ನೀವಾದ್ರೂ ಎಷ್ಟು ಅಂತ ನೋಡ್ತೀರಿ? ಲೈಸೆನ್ಸು ಬೇಕಾದ್ದು ನಂಗೆ, ನಾನು ನೋಡ್ಬೇಕಿತ್ತು" ಎಂದು ನನ್ನ ಹೆಗಲ ಮೇಲೆ ಕೈ ಇಟ್ಟೆ. ಆಮೇಲೆ ನೀನು ಕೋಣೆಗೆ ಹೋಗಿ ಕಾರ್ಮಿನ್ ಡಾಕ್ಟರಿಗೆ ಫೋನು ಮಾಡಿದೆ. ಗೋಡೆಯಾಚೆಯಿಂದ ನನಗೆ ಕೇಳಿದ್ದು ಒಂದೇ ಮಾತು: "ತಪ್ಪು ನಂದೇ ಡಾಕ್ಟರ್."

ಏನೇನು ಹೋಗುತ್ತದೆ ಎಂಬುದನ್ನೂ ನಾನೇ ಬರೆಯುತ್ತೇನೆ. ಒಪ್ಪಂದ ಇದ್ದಾಗಿನ ಏಳುನೂರ ನಲವತ್ತೆರಡು ಗಂಟೆ ನಿನ್ನ ಹೆಸರಿನಲ್ಲಿದೆ. ಈ ನೂರ ಎಂಬತ್ತಾರು ಸೇರಿದರೆ ಉಳಿಯುವುದು ಎಪ್ಪತ್ತೆರಡು, ಮಾರ್ಚಿನಲ್ಲಿ ಮುಗಿಯುತ್ತದೆ. ಏಪ್ರಿಲಿನಲ್ಲಿ ಹೊಸ ತರಗತಿಗಳು ಶುರುವಾಗುವಾಗ ನೀನು ಅದೇ ಶಾಲೆಯಲ್ಲಿ ಕೌನ್ಸೆಲರ್ ಆಗಿ ಕೂರಬಹುದು, ಪ್ರಿನ್ಸಿಪಾಲರು ಮಾತು ಕೊಟ್ಟಿದ್ದಾರೆ. ಸೇರದಿದ್ದರೆ ಇನ್ನೂ ನಾಲ್ಕೈದು ತಿಂಗಳು ಬೇಕು. ಅಷ್ಟರಲ್ಲಿ ಆ ಕೆಲಸ ಬೇರೆಯವರಿಗೆ ಹೋಗಿರುತ್ತದೆ, ಕಾರ್ಮಿನ್ ಡಾಕ್ಟರ್ ಕೆಲಸ ಬಿಟ್ಟು ಬೆಂದೂರಿಗೆ ಹೋಗಿರುತ್ತಾರೆ. ನೀನು ಮತ್ತೆ ಬಸ್ ಪಾಸು ನೋಡಿಕೊಂಡು ಕೂರುತ್ತೀಯ, ಹತ್ತಿರವೇ ಇರುತ್ತೀಯ. ಇಂಥದ್ದನ್ನು ನಾನು ಅಕ್ಟೋಬರಿನಲ್ಲಿ ಬಯಸಿದ್ದೆನೋ ಎಂದು ಕೇಳಿಕೊಂಡಿದ್ದೇನೆ. ಬಯಸಿದ್ದೆ.

ಈಗ ಬಯಸುವುದಿಲ್ಲ. ಕಲಂ 9.6ರ ಪ್ರಕಾರ, ಅವಧಿ ತಪ್ಪಿದ್ದು ಅಭ್ಯರ್ಥಿಯಿಂದಲೂ ಮೇಲ್ವಿಚಾರಕರಿಂದಲೂ ಅಲ್ಲವೆಂದು, ತಪ್ಪಿಸಿದ ವ್ಯಕ್ತಿಯೇ ಸಹಿ ಹಾಕಿ ಆಧಾರ ಸಮೇತ ಬರೆದುಕೊಟ್ಟರೆ, ಮಂಡಳಿ ಆ ಗಂಟೆಗಳನ್ನು ಮತ್ತೆ ಪರಿಶೀಲಿಸಬಹುದು. ಮೂವತ್ತು ದಿನದೊಳಗೆ ಕೊಡಬೇಕು, ಅಂದರೆ ಫೆಬ್ರವರಿ 19ರೊಳಗೆ. ಈ ಕಲಮು ಜನವರಿ 20ರಿಂದಲೇ ನನಗೆ ಗೊತ್ತಿತ್ತು. ಲಕೋಟೆಯಲ್ಲಿ ನನ್ನ ಹೇಳಿಕೆ ಇದೆ, ಇಂಗ್ಲಿಷಿನಲ್ಲಿ, ಎರಡು ಪ್ರತಿ. ಮೂರು ಮೇಲ್‌ಗಳನ್ನೂ, ಅವನ್ನು ನಾನು ತೆರೆದ ದಿನ ಮತ್ತು ಸಮಯದೊಂದಿಗೆ ಮುದ್ರಿಸಿ ಹಿಂದೆ ಜೋಡಿಸಿದ್ದೇನೆ. ಕಾರಣ ಎಂಬ ಜಾಗದಲ್ಲಿ 'ಹೊಟ್ಟೆಕಿಚ್ಚು' ಎಂದೇ ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಬೇರೆ ಯಾವ ಪದವನ್ನು ಹಾಕಿ ನೋಡಿದರೂ ಅದು ನಿಖರವಾಗಿರಲಿಲ್ಲ.

ಇವತ್ತು ನೀನು ಅವರಿಗೆ ಏನು ಹೇಳಿ ಬಂದಿದ್ದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಬೇಕಿದ್ದರೆ ನಾನೇ ಅವರಿಗೆ ಫೋನು ಮಾಡುತ್ತೇನೆ. ಬೇಡವೆಂದರೆ ಮಾಡುವುದಿಲ್ಲ.

ನಾನು ಓದುವ ಕಾದಂಬರಿಗಳಲ್ಲಿ ಇಂಥ ಕಾಗದ ಬರೆದಿಟ್ಟ ಗಂಡಂದಿರು ರೈಲು ಹತ್ತಿ ಹೊರಟುಹೋಗುತ್ತಾರೆ. ನಾನು ಅಕ್ಕುವನ್ನು ಟ್ಯೂಷನ್ನಿನಿಂದ ಕರೆದುಕೊಂಡು ಬರಲು ಹೋಗಿದ್ದೇನೆ. ಏಳು ಗಂಟೆಗೆ ಬರುತ್ತೇವೆ. ಅನ್ನ ಆಗಿದೆ, ಬಂಗುಡೆ ಸಾರು ಬಿಸಿ ಮಾಡಿದರೆ ಸಾಕು. ನೀನು ಕೋಣೆಯ ಬಾಗಿಲು ಹಾಕಿಕೊಂಡಿದ್ದರೆ, ಈ ಸಲ ತಟ್ಟುತ್ತೇನೆ.

ನಿನ್ನ ಶನಿವಾರಗಳ ಸಾರಥಿ,
ಮೋಹನದಾಸ್

ಮರೆತದ್ದನ್ನು ಸೇರಿಸುವುದಲ್ಲ, ಮುಚ್ಚಿಟ್ಟದ್ದನ್ನು ಸೇರಿಸುವುದು:

ಇಲ್ಲಿಂದ ಮುಂದೆ ಅಕ್ಕುವಿಗೆ ಓದಿ ಹೇಳಬೇಡ. ನೀಲಿ ಪುಸ್ತಕವನ್ನು ಮುಟ್ಟಿಲ್ಲ ಎಂದು ಮೇಲೆ ಬರೆದ ಸಾಲು ರದ್ದು. ಹೊಡೆದುಹಾಕಿದರೆ ಏನು ಬರೆದಿದ್ದೆನೆಂದು ನಿನಗೆ ಕಾಣುವುದಿಲ್ಲ, ಅದಕ್ಕೆ ಹಾಗೇ ಬಿಟ್ಟಿದ್ದೇನೆ. ಅದರ ಬದಲು ಇದನ್ನು ಓದು.

ಸೆಪ್ಟೆಂಬರ್ 14, ಭಾನುವಾರ, ನೀನು ಮುಖ ತೊಳೆದು ಬಂದ ಮರುದಿನ. ನೀನೂ ಅಕ್ಕುವೂ ಕರಾಮಾಕ್ಕೆ ಹೋಗಿದ್ದಿರಿ. ಪುಸ್ತಕ ನಿನ್ನ ಕಪಾಟಿನಲ್ಲಿ ಸೀರೆಗಳ ಕೆಳಗಿತ್ತು. ನಲವತ್ತಮೂರು ಪುಟ ಓದಿದೆ. ಹೆಸರುಗಳಿಲ್ಲ, ಸಂಖ್ಯೆ ಮಾತ್ರ. ಅದರಲ್ಲಿ ಏಳನೆಯವನು: ನಲವತ್ತೆಂಟು ವರ್ಷ, ಮಾತು ಕಡಿಮೆ. ಹೆಂಡತಿ ಮಾತಾಡುವಾಗ ಬೇರೆಲ್ಲೋ ನೋಡುತ್ತಾನೆ. ಒಂದು ಶಬ್ದದ ಉತ್ತರ. ಅವಳು ಹೇಳಿದ ದಿನ ವಾರ ತಪ್ಪಿದ್ದರೆ ತಿದ್ದುತ್ತಾನೆ. ಅವಳು ಒಂದು ದಿನ ಮಾತು ನಿಲ್ಲಿಸಿಬಿಟ್ಟಾಳೆಂಬ ಭಯವಿದೆ, ಅದನ್ನು ಅವಳಿಗೆ ಹೇಳಿಲ್ಲ. ಕೊನೆಯಲ್ಲಿ ನೀನು ಬರೆದಿದ್ದೆ: "ಇವನು ನನ್ನನ್ನು ಇಷ್ಟು ಮುಟ್ಟುವುದೇಕೆ ಎಂದು ಡಾಕ್ಟರ್ ಕೇಳಿದರು. ಅಳು ಬಂತು. ಉತ್ತರ ಕೊಡಲಿಲ್ಲ."

ನನ್ನ ವಯಸ್ಸೂ ಆಗ ನಲವತ್ತೆಂಟು. ಕಾದಂಬರಿ ಓದಿ ಓದಿ ಬಂದ ಬುದ್ಧಿ ಇದು: ಪುಸ್ತಕದಲ್ಲಿ ಬಂದವರೆಲ್ಲ ಬರೆದವರ ಮನೆಯವರೇ ಇರಬೇಕು, ಗುರುತು ಸಿಗದಿರಲೆಂದು ವೇಷ ಹಾಕಿಸಿರುತ್ತಾರೆ ಎಂಬ ಅನುಮಾನ. ನೀನು ನನಗೆ ಏಳನೇ ಸಂಖ್ಯೆ ತೊಡಿಸಿ ಅವರೆದುರು ಕೂರಿಸಿದ್ದೀಯ ಎಂದು ನಂಬಿದೆ. ಮೇಲ್‌ಗಳನ್ನು ಬಚ್ಚಿಟ್ಟದ್ದು ಆ ನಂಬಿಕೆಯ ಮೇಲೆ.

ಜನವರಿ 18ರಂದು ಮತ್ತೆ ತೆರೆದೆ. ಏಳನೆಯವನ ಕೊನೆಯ ಭೇಟಿ ಎಂದಿತ್ತು. ಮುಹೈಸ್ನಾ ಕ್ಯಾಂಪು, ಹನ್ನೆರಡು ವರ್ಷದ ನಂತರ ಕೆಲಸ ಬಿಟ್ಟು ಊರಿಗೆ ಹೊರಟಿದ್ದಾನೆ. ಹಿಂದಿನ ದಿನ ಫೋನಿನಲ್ಲಿ ಹೆಂಡತಿಯ ಜೊತೆ ಒಂದು ಗಂಟೆ ಹತ್ತು ನಿಮಿಷ ಮಾತಾಡಿದನಂತೆ. ಹೇಳುವಾಗ ನಾಚಿಕೊಂಡನಂತೆ. ಹಾಗಾದರೆ ಅವನು ನಿಜವಾಗಿಯೂ ಇದ್ದ, ಅವನು ನಾನಲ್ಲ. ಕಾರ್ಮಿನ್ ಡಾಕ್ಟರ್ ಹೇಳಿದ್ದು ನಿಜ, ನೀನು ಅವರ ಹತ್ತಿರ ನನ್ನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವರು ಕೇಳಿದಾಗಲೂ. ನಾಲ್ಕು ತಿಂಗಳು ನನ್ನ ಬಗ್ಗೆ ಹೇಳಿದ್ದೀಯೆಂದು ಉರಿದವನು ಅವತ್ತು, ಹೇಳಿಲ್ಲವಲ್ಲ ಎಂದು ಉರಿದೆ.

ಈಗ ಹೊಟ್ಟೆಕಿಚ್ಚು ಅವನ ಮೇಲೆ. ನೀನು ಅವನಿಗೆ ಹದಿನಾಲ್ಕು ಗಂಟೆ ಕೊಟ್ಟಿದ್ದೀಯ. ಅದರಲ್ಲಿ ಒಂಬತ್ತು ನಾನು ಸಾಯಿಸಿದ ಗಂಟೆಗಳ ಒಳಗೆ ಬರುತ್ತವೆ. ಅವನಿಗೆ ಅದು ಗೊತ್ತಿಲ್ಲ. ಅವೇ ಒಂಬತ್ತು ಗಂಟೆಗಳಲ್ಲಿ ಮಾತಾಡಲು ಕಲಿತು ಅವನು ಮನೆಗೆ ಹೋದ.

ಕ್ಲೈಂಟುಗಳ ಗುಟ್ಟು ಹೊರಬಿದ್ದರೆ ಮೇಲ್ವಿಚಾರಕರಿಗೆ ತಿಳಿಸಲೇಬೇಕು ಎಂದು ಕಲಂ 7.1 ಹೇಳುತ್ತದೆ. ತಿಳಿಸಿದರೆ ನಿನ್ನ ಅರ್ಜಿಗೆ ತೊಂದರೆಯಾದೀತು. ಬಚ್ಚಿಟ್ಟರೆ ನೀನೂ ನನ್ನ ಹಾಗೆ ಆಗುತ್ತೀಯ. ನನ್ನ ಹೇಳಿಕೆಯ ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ. ಪುಸ್ತಕ ಓದಿದ್ದನ್ನೂ ಬರೆಯಬೇಕೆಂದರೆ ಬರೆದು ಸಹಿ ಹಾಕುತ್ತೇನೆ. ತಿಳಿಸುವುದೋ ಬಿಡುವುದೋ, ಈ ತಾರೀಕು ಮಾತ್ರ ನೀನೇ ನೋಡಿಕೋ.

ಪುಸ್ತಕಕ್ಕೆ ಒಂದು ಬೀಗದ ಪೆಟ್ಟಿಗೆ ತಂದು ನಿನ್ನ ಕಪಾಟಿನಲ್ಲಿ ಇಟ್ಟಿದ್ದೇನೆ. ಅದರ ಜೊತೆ ಎರಡು ಕೀಲಿ ಬಂದಿದ್ದವು. ಎರಡೂ ಈ ಲಕೋಟೆಯ ಮೂಲೆಯಲ್ಲಿವೆ, ಕೈ ಹಾಕಿ ನೋಡು.